ಚಿಕ್ಕ ಕ್ಯಾಂಪಿಂಗ್ ಟ್ರೇಲರ್ ಕಟ್ಟುವವರು ಪೆಟ್ಟಿಗೆಗಿಂತ ಮೊದಲು ಮೂಕಿಯ ಭಾರ ನೋಡಿ

ಅಚ್ಚುಗಾಲಿ, ಅಡಿಲೇಡ್

ಎಲ್ಲರಿಗೂ ನಮಸ್ಕಾರ. ಮಣ್ಣುರಸ್ತೆಯಲ್ಲಿ ಎಳೆದೊಯ್ಯುವಂಥ ಚಿಕ್ಕ ಕ್ಯಾಂಪಿಂಗ್ ಟ್ರೇಲರನ್ನು ಮನೆಯಲ್ಲೇ ಕಟ್ಟಿಕೊಳ್ಳುವುದು ಹೇಗೆಂದು ಹಲವರು ಬಿಡಿಬಿಡಿಯಾಗಿ ಕೇಳಿದ್ದೀರಿ. ನಾನು ಒಂದನ್ನು ಕಟ್ಟಿ ಮುರಿದುಕೊಂಡೆ. ಎರಡನೆಯದನ್ನು ಕಟ್ಟಿ ಮೂರು ವರ್ಷದಿಂದ ಓಡಿಸುತ್ತಿದ್ದೇನೆ. ಮೊದಲನೆಯದು ಏಕೆ ಮುರಿಯಿತು ಎಂಬುದನ್ನೇ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಹಳೆಯ ಏಳು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಾಕ್ಸ್ ಟ್ರೇಲರ್ ಕೊಂಡೆ. ಅದರ ಮೇಲೆ ಪ್ಲೈವುಡ್ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಡೇರೆ, ಹಿಂಬದಿಯಲ್ಲಿ ಎಳೆದು ತೆರೆಯುವ ಅಡುಗೆಮನೆ, ಬಾಲದ ಕೆಳಗೆ 60 ಲೀಟರ್ ನೀರಿನ ಟ್ಯಾಂಕು, ಹಿಂಬಾಗಿಲಿಗೆ ಸ್ಟೆಪ್ನಿ. ನೋಡಲು ಅಂದವಾಗಿತ್ತು. ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟ ಟ್ರ್ಯಾಕ್‌ಗೆ ಹೊರಟೆವು. ಮಾರ್ರಿಯಿಂದ ವಿಲಿಯಂ ಕ್ರೀಕ್, ಊಡ್ನಡಾಟ ಹಾದು ಮಾರ್ಲಾದವರೆಗೆ ಸುಮಾರು 620 ಕಿ.ಮೀ. ಮಣ್ಣುದಾರಿ ಅದು. ಹಳೆಯ ಘಾನ್ ರೈಲು ಮಾರ್ಗದ ಪಕ್ಕದಲ್ಲೇ ಸಾಗುತ್ತದೆ.

ಪೋರ್ಟ್ ಅಗಸ್ಟಾ ತಲುಪುವ ಮೊದಲೇ ಡಾಂಬರು ರಸ್ತೆಯಲ್ಲಿ 95 ಕಿ.ಮೀ. ವೇಗಕ್ಕೆ ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು. ಎದುರಿನಿಂದ ದೊಡ್ಡ ಲಾರಿ ಬಂದಾಗ ಕಾರಿನ ಹಿಂಭಾಗವೂ ಅದರ ಜೊತೆ ತೂಗಿತು. ಗಾಳಿಯ ಆಟವಿರಬೇಕು ಎಂದುಕೊಂಡು 80ಕ್ಕೆ ಇಳಿಸಿ ಮುಂದೆ ಹೋದೆ. ಮಾರ್ರಿ ದಾಟಿದ ಮೇಲೆ ಜಿಂಕ್ ಶೀಟಿನ ಹಾಗೆ ಅಲೆಅಲೆಯಾದ ರಸ್ತೆ. ಸುಮಾರು 130 ಕಿ.ಮೀ. ನಡುಗಿಕೊಂಡೇ ಸಾಗಿ ಕವರ್ಡ್ ಸ್ಪ್ರಿಂಗ್ಸ್ ತಲುಪಿದೆವು. ಅಲ್ಲಿನ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಮಕ್ಕಳು ಇಳಿದಿದ್ದಾಗ ನಾನು ಟ್ರೇಲರ್ ಅಡಿಗೆ ತೂರಿ ಒಂದೊಂದೇ ಬೋಲ್ಟ್ ಮುಟ್ಟಿ ನೋಡುತ್ತಿದ್ದೆ. ಮೂಕಿಯ, ಅಂದರೆ ಕಾರಿಗೆ ಕಟ್ಟಲು ಟ್ರೇಲರಿನಿಂದ ಮುಂದಕ್ಕೆ ಚಾಚಿದ ಕಂಬದ, ಕೊಳವೆ ಪೆಟ್ಟಿಗೆಯ ಮುಂದಿನ ಅಡ್ಡಪಟ್ಟಿಗೆ ಸೇರುವ ಜಾಗದಲ್ಲಿ, ಕೆಳಮುಖದಲ್ಲಿ, ಕೆಂಪು ಧೂಳು ಒರೆಸಿದಾಗ ಕೂದಲೆಳೆಯಷ್ಟು ತೆಳುವಾದ ಗೆರೆ ಕಂಡಿತು. ಉಗುರು ಆಡಿಸಿದೆ, ಸಿಕ್ಕಿಕೊಂಡಿತು. ಬಣ್ಣದ ಬಿರುಕಲ್ಲ, ಕಬ್ಬಿಣವೇ ಬಿರಿದಿತ್ತು.

ಪಕ್ಕದ ಡೇರೆಯ ಹಿರಿಯರೊಬ್ಬರ ಬಳಿ ವೆಲ್ಡಿಂಗ್ ಕಡ್ಡಿಗಳಿದ್ದವು. ಎರಡು ಕಾರುಗಳ ಬ್ಯಾಟರಿ ಕಳಚಿ ಸರಣಿಯಲ್ಲಿ ಜೋಡಿಸಿ, ಜಂಪರ್ ಕೇಬಲಿನಿಂದಲೇ ಬೆಸೆದುಕೊಟ್ಟರು. ಪೆಟ್ಟಿಗೆಯ ಭಾರವನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಿರುಗಿದೆವು. ಮನೆಗೆ ಬಂದ ಮೇಲೆ ಎಲ್ಲವನ್ನೂ ಮೊದಲಿನಂತೆ ತುಂಬಿ ವೇಬ್ರಿಡ್ಜ್‌ಗೆ ಒಯ್ದೆ. ಆ ಕೆಲಸವನ್ನು ಹೊರಡುವ ಮುನ್ನವೇ ಮಾಡಬೇಕಿತ್ತು.

ಒಟ್ಟು ತೂಕ 910 ಕೆ.ಜಿ. ಮೂಕಿಯ ತುದಿಯನ್ನು ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬಿದ್ದ ಭಾರ ಕೇವಲ 42 ಕೆ.ಜಿ. ಟ್ರೇಲರಿನ ತಗಡಿನ ಮೇಲೆ ಬರೆದಿದ್ದ ಗರಿಷ್ಠ ಮಿತಿ 750 ಕೆ.ಜಿ., ಬ್ರೇಕ್ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಂಥ ಗಾಡಿಯನ್ನು ನೂರಾರು ಕಿ.ಮೀ. ಎಳೆದಿದ್ದೆ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಮ್ಮದು ರಾಣೆಬೆನ್ನೂರು ಕಡೆಯ ಹಳ್ಳಿ. ಚಕ್ಕಡಿಗೆ ಹೊಟ್ಟು ಹೇರುವಾಗ ಅಪ್ಪ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಎತ್ತುಗಳ ಕುತ್ತಿಗೆಯನ್ನು ಮೇಲಕ್ಕೆ ಸೆಳೆಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಕಾರಿನ ಹಿಂದೆ ಕಟ್ಟಿದ ಗಾಡಿಗೂ ಇದೇ ಲೆಕ್ಕ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಇರಬೇಕು. ನನ್ನದು ಅದರ ಅರ್ಧವೂ ಇರಲಿಲ್ಲ.

ಕೊಂಡಿಯಿಂದ ಅಚ್ಚಿಗೆ ನನ್ನ ಟ್ರೇಲರಿನಲ್ಲಿ 2.4 ಮೀಟರ್. 60 ಕೆ.ಜಿ. ನೀರು ಅಚ್ಚಿನ ಹಿಂದೆ 80 ಸೆಂ.ಮೀ. ದೂರದಲ್ಲಿತ್ತು. ಅದನ್ನು ಅಚ್ಚಿನ ಮುಂದೆ 10 ಸೆಂ.ಮೀ.ಗೆ ತಂದರೆ 60 ಗುಣಿಸು 0.9 ಭಾಗಿಸು 2.4, ಅಂದರೆ ಕೊಂಡಿಗೆ 22.5 ಕೆ.ಜಿ. ಹೆಚ್ಚುತ್ತದೆ. 30 ಕೆ.ಜಿ.ಯ ಸ್ಟೆಪ್ನಿಯನ್ನು ಹಿಂಬಾಗಿಲಿನಿಂದ ಮೂಕಿಯ ಮೇಲಕ್ಕೆ, ಒಟ್ಟು 2.3 ಮೀಟರ್ ಮುಂದಕ್ಕೆ ತಂದರೆ ಇನ್ನೂ ಸುಮಾರು 29 ಕೆ.ಜಿ. ಸೇರುತ್ತದೆ. 42ಕ್ಕೆ ಇವೆರಡನ್ನೂ ಕೂಡಿಸಿದರೆ ಸುಮಾರು 93. ಒಂದು ಕೆ.ಜಿ.ಯನ್ನೂ ಹೊಸದಾಗಿ ಹೇರದೆ ಭಾರ ಸರಿಯಾಯಿತು. ಚಿತ್ರ ಬರೆಯುವ ಮೊದಲು ಪ್ರತಿಯೊಂದು ಸಾಮಾನಿನ ತೂಕವನ್ನೂ ಅಚ್ಚಿನಿಂದ ಅದಕ್ಕಿರುವ ದೂರವನ್ನೂ ಒಂದು ಹಾಳೆಯಲ್ಲಿ ಬರೆದು ಹೀಗೆ ಕೂಡಿಸಿ. ಎರಡನೆಯ ಟ್ರೇಲರನ್ನು ನಾನು ಆ ಹಾಳೆಯಿಂದಲೇ ಆರಂಭಿಸಿದೆ.

ಪಶ್ಚಿಮವಾಹಿನಿ, ಪರ್ತ್

ಅಚ್ಚುಗಾಲಿ ಅವರೇ, ಮನಸ್ಸು ಬಿಚ್ಚಿ ಬರೆದಿದ್ದೀರಿ, ಧನ್ಯವಾದ. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಕೊಂಡಿಯ ಭಾರ ಸರಿಹೋದ ಮಾತ್ರಕ್ಕೆ ಗಾಡಿ ನೆಟ್ಟಗೆ ಓಡುತ್ತದೆ ಎನ್ನುವಂತಿಲ್ಲ. ಹಿಂದೆ 70 ಕೆ.ಜಿ. ಅಡುಗೆಮನೆ, ಮುಂದೆ ಸ್ಟೆಪ್ನಿ, ಗ್ಯಾಸ್, ಜೆರಿಕ್ಯಾನ್ ಇಟ್ಟು ತಕ್ಕಡಿಯ ಎರಡೂ ತಟ್ಟೆ ಸಮ ಮಾಡಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಆದರೆ ಎರಡೂ ತುದಿಗೆ ಗುಂಡು ಕಟ್ಟಿದ ಕೋಲನ್ನು ನಡುವೆ ಹಿಡಿದು ತಿರುಗಿಸಿ ನೋಡಿ. ತಿರುಗಲು ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಭಾರವೆಲ್ಲ ನಡುವಿನಲ್ಲಿದ್ದರೆ ಅದೇ ಕೋಲು ತಟ್ಟನೆ ನಿಲ್ಲುತ್ತದೆ. ಆದ್ದರಿಂದ ನೀರು, ಬ್ಯಾಟರಿ, ಡಬ್ಬಿಯ ಆಹಾರ, ಉಪಕರಣಗಳೆಲ್ಲ ಅಚ್ಚಿನ ಆಸುಪಾಸಿನಲ್ಲಿ, ನೆಲಕ್ಕೆ ಹತ್ತಿರವಾಗಿರಲಿ. ತುದಿಗಳಿಗೆ ಹಾಸಿಗೆ, ಬಟ್ಟೆಯಂಥ ಹಗುರ ಸಾಮಾನು.

ನಾನಾಗಿದ್ದರೆ ಸ್ಟೆಪ್ನಿಯನ್ನು ಮೂಕಿಯ ಮೇಲೆ ಇಡುತ್ತಿರಲಿಲ್ಲ. ಪೆಟ್ಟಿಗೆಯ ಮುಂದಿನ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೆ.

ಅಚ್ಚುಗಾಲಿ, ಅಡಿಲೇಡ್

ನಿಮ್ಮ ಮಾತು ಸರಿ, ಒಪ್ಪಿದೆ. ಹೊಸ ಟ್ರೇಲರಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಅಡುಗೆಮನೆಯನ್ನು ಹಿಂಬದಿಯಿಂದ ತೆಗೆದು ಎಡಮಗ್ಗುಲಿಗೆ, ಚಕ್ರದ ಮುಂದಕ್ಕೆ ತಂದೆ. ಇಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುವುದರಿಂದ ದಾರಿಬದಿಯಲ್ಲಿ ನಿಲ್ಲಿಸಿ ಚಹಾ ಕಾಯಿಸುವಾಗಲೂ ನಾವು ರಸ್ತೆಗೆ ಬೆನ್ನು ಕೊಟ್ಟು ನಿಲ್ಲಬೇಕಾಗಿಲ್ಲ.

ಇನ್ನು ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಎಟಿಎಂ ಎಂದರೆ ಕಾರಿನಿಂದ ಕಳಚಿ ನಿಲ್ಲಿಸಿದ ಟ್ರೇಲರಿಗೆ, ಸಾಮಾನೂ ಸೇರಿ, ಇರುವ ಗರಿಷ್ಠ ತೂಕದ ಮಿತಿ. ಜಿಟಿಎಂ ಎಂದರೆ ಕಾರಿಗೆ ಕಟ್ಟಿದಾಗ ಟ್ರೇಲರಿನ ಚಕ್ರಗಳ ಮೇಲೆ ಮಾತ್ರ ಬೀಳಬಹುದಾದ ಗರಿಷ್ಠ ಭಾರ. ಒಂದೇ ಅಚ್ಚಿನ ಟ್ರೇಲರಿನ ಜಿಟಿಎಂ 750 ಕೆ.ಜಿ. ಮೀರಿದರೆ ಬ್ರೇಕ್ ಕಡ್ಡಾಯ. 2,000 ಕೆ.ಜಿ. ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಜೊತೆಗೆ ಗಾಡಿ ಕಳಚಿಕೊಂಡರೆ ತಾನಾಗಿ ಹಿಡಿಯುವ ವ್ಯವಸ್ಥೆಯೂ ಬೇಕು. ಮನೆಯಲ್ಲಿ ಕಟ್ಟುವ ಚಿಕ್ಕ ಟ್ರೇಲರಿಗೆ ವಿಎಸ್‌ಬಿ 1 ಎಂಬ ಸರ್ಕಾರಿ ಪುಸ್ತಿಕೆಯೇ ಆಧಾರ. ಬೆಳಕು, ಸರಪಳಿ, ಅಗಲ ಎಲ್ಲವೂ ಅದರಲ್ಲಿದೆ. 2021ರ ಜುಲೈ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ನೋಂದಣಿಗೆ ಹೋಗುವ ಮೊದಲು ರೋವರ್ ಎಂಬ ಜಾಲತಾಣದಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ಪಡೆಯಬೇಕು. ಕಬ್ಬಿಣ ಕತ್ತರಿಸುವ ಮೊದಲೇ ಆ ಅರ್ಜಿಯನ್ನು ಓದಿಕೊಳ್ಳಿ.

ಗದಗಿನ ವೆಲ್ಡರ್, ಗದಗ

ಅಣ್ಣಾವ್ರೇ, ನಾನು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಿದ್ದೇನೆ. ನಿಮ್ಮ ಮೂಕಿ ಬಿರಿದದ್ದು ಭಾರ ಒಂದರಿಂದಲೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಅಡ್ಡಪಟ್ಟಿ ಮತ್ತು ಮೂಕಿ ಸೇರುವಲ್ಲಿ ಕೆಳಗಡೆ ಅಡ್ಡಲಾಗಿ ಬೆಸುಗೆ ಎಳೆದಿದ್ದರೇ? ಬೇರೆಯವರು ಕಟ್ಟಿದ ಗಾಡಿಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಅದು. ಬಾಗುವ ಕಬ್ಬಿಣದ ಕೆಳಮುಖ ಹಿಗ್ಗುತ್ತಿರುತ್ತದೆ. ಅಲ್ಲಿ ಅಡ್ಡ ಬೆಸುಗೆ ಹಾಕಿದರೆ ಗರಗಸದಿಂದ ಗೀರು ಎಳೆದ ಹಾಗೆಯೇ. ಬೆಸುಗೆಯ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ.

ಮೂಕಿಯನ್ನು ಮುಂದಿನ ಪಟ್ಟಿಗೆ ತಂದು ನಿಲ್ಲಿಸಬೇಡಿ. ಚಾಸಿಯ ಕೆಳಗೆ ಹಾಯಿಸಿ ಸ್ಪ್ರಿಂಗಿನ ಮುಂತುದಿಯನ್ನು ಹಿಡಿಯುವ ಬ್ರಾಕೆಟ್‌ವರೆಗೆ ಒಯ್ಯಿರಿ. ಬೆಸುಗೆಯನ್ನು ಪಕ್ಕದಲ್ಲಿ, ಉದ್ದಕ್ಕೆ ಹಾಕಿ. ಬಲಕ್ಕೆಂದು ಪ್ಲೇಟು ಸೇರಿಸುವುದಾದರೆ ಚೌಕವಾಗಿ ಕತ್ತರಿಸಬೇಡಿ, ಎರಡೂ ತುದಿಗಳನ್ನು ಎಲೆಯ ಹಾಗೆ ಚೂಪು ಮಾಡಿ. ಭಾರ ಒಮ್ಮೆಲೇ ಒಂದೆಡೆ ನಿಲ್ಲದೆ ಹರಿದು ಹೋಗುತ್ತದೆ. ಕಬ್ಬಿಣ ಆರಿಸುವಾಗ ದಪ್ಪಕ್ಕಿಂತ ಎತ್ತರ ಮುಖ್ಯ. 100ಕ್ಕೆ 50 ಮಿ.ಮೀ. ಕೊಳವೆಯನ್ನು ನಿಲ್ಲಿಸಿ ಬಳಸಿ, ಮಲಗಿಸಬೇಡಿ.

ಅಚ್ಚುಗಾಲಿ, ಅಡಿಲೇಡ್

ಗದಗಿನ ಅಣ್ಣ, ಈಗಷ್ಟೇ ಹಳೆಯ ಫೋಟೊ ತೆಗೆದು ನೋಡಿದೆ. ನೀವು ಹೇಳಿದ ಜಾಗದಲ್ಲೇ, ಅಡ್ಡಲಾಗಿ, ದಪ್ಪನೆಯ ಬೆಸುಗೆಯಿದೆ. ಬಿರುಕು ಅದರ ಅಂಚನ್ನೇ ಹಿಡಿದು ಸಾಗಿದೆ. ಇಷ್ಟು ದಿನ ಭಾರದ ಮೇಲೆಯೇ ತಪ್ಪು ಹೊರಿಸಿದ್ದೆ.

ಹೊಸದರಲ್ಲಿ ಮೂಕಿಯ ಕೊಳವೆ ಎತ್ತರ 100, ಅಗಲ 50, ದಪ್ಪ 4 ಮಿ.ಮೀ.; ಚಾಸಿಯದು 75, 50, 3 ಮಿ.ಮೀ. ಮೂಕಿ ಸ್ಪ್ರಿಂಗಿನವರೆಗೂ ಹೋಗಿದೆ. ಆದರೆ ಅದು ನನ್ನ ಬುದ್ಧಿಯಲ್ಲ, ಪರಿಶೀಲಿಸಿದ ಎಂಜಿನಿಯರ್ ಹಾಗೆ ಮಾಡಿಸಿದರು. ಕಾರಣ ಏನೆಂದು ಇವತ್ತು ತಿಳಿಯಿತು.

ಕಟ್ಟಿದ ಚಾಸಿಗೆ ಬಣ್ಣ ಹೊಡೆಯಲಿಲ್ಲ, ಸತುವಿನಲ್ಲಿ ಅದ್ದಿಸಿದೆ. ಕರಗಿದ ಸತುವಿನ ತೊಟ್ಟಿ ಸುಮಾರು 450 ಡಿಗ್ರಿ ಇರುತ್ತದೆ. ಬಾಯಿ ಮುಚ್ಚಿದ ಕೊಳವೆಯೊಳಗೆ ತೇವ ಉಳಿದಿದ್ದರೆ ಅದು ಉಗಿಯಾಗಿ ಕೊಳವೆಯೇ ಸಿಡಿಯುತ್ತದೆ. ಆದ್ದರಿಂದ ಪ್ರತಿ ಕೊಳವೆಯ ಎರಡೂ ತುದಿಗೆ ತೂತು ಬೇಕು, ಸತುವು ಒಳಹೊಕ್ಕು ಹೊರಹರಿಯಲೂ ಬೇಕು. ತೂತುಗಳು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಅದ್ದುವವರನ್ನು ಮೊದಲೇ ಕೇಳಿ. ದೀಪದ ಹಿಡಿಕೆ, ಜೆರಿಕ್ಯಾನಿನ ಚೌಕಟ್ಟು ಎಲ್ಲವನ್ನೂ ಬೆಸೆದು ಮುಗಿಸಿಯೇ ಕೊಡಿ.

ಗದಗಿನ ವೆಲ್ಡರ್, ಗದಗ

ಆ ಕೊನೆಯ ಮಾತು ಬಹಳ ಮುಖ್ಯ. ಸತುವು ಹಚ್ಚಿದ ಮೇಲೆ ಬೆಸೆಯಲು ಕುಳಿತರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದ ರಾತ್ರಿ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ನಮ್ಮ ಕಡೆ ಹಾಲು ಕುಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಾನೂ ಬಹಳ ವರ್ಷ ಕುಡಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಸತುವನ್ನು ಉಜ್ಜಿ ತೆಗೆದು, ಬಯಲಿನಲ್ಲಿ, ಸರಿಯಾದ ಮುಖಕವಚ ಹಾಕಿಕೊಂಡೇ ಬೆಸೆಯಿರಿ.

ಮಲೆನಾಡಿನವಳು, ಮೆಲ್ಬರ್ನ್

ವಿದ್ಯುತ್ತಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನದು ಅದೇ ಕೆಲಸ.

ಇಲ್ಲಿನ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ "6 ಮಿ.ಮೀ. ಆಟೊ ಕೇಬಲ್" ಎಂದು ಬರೆದ ಸುರುಳಿ ಸಿಗುತ್ತದೆ. ಆ 6 ಎಂಬುದು ತಾಮ್ರದ ಅಳತೆಯಲ್ಲ, ಹೊರಗಿನ ಪ್ಲಾಸ್ಟಿಕ್ ಕೂಡ ಸೇರಿದ ದಪ್ಪ. ಒಳಗಿರುವ ತಾಮ್ರ ಸುಮಾರು 4.6 ಚದರ ಮಿ.ಮೀ. ಮಾತ್ರ. ಊರಿನಲ್ಲಿ ಮನೆಯ ವೈರಿಂಗಿಗೆ ಚದರ ಮಿ.ಮೀ. ಲೆಕ್ಕದಲ್ಲೇ ತಂತಿ ಕೊಂಡವರು ಇಲ್ಲಿ ನೇರವಾಗಿ ಮೋಸಹೋಗುತ್ತಾರೆ.

ಕಾರಿನ ಬ್ಯಾಟರಿಯಿಂದ ಟ್ರೇಲರಿನ ಚಾರ್ಜರಿಗೆ ಏಳು ಮೀಟರ್ ಎಂದುಕೊಳ್ಳಿ. ಹೋಗಿ ಬರಲು ಹದಿನಾಲ್ಕು. 25 ಆಂಪಿಯರ್ ಹರಿದರೆ ಆ ತೆಳು ಕೇಬಲಿನಲ್ಲಿ 1.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 6 ಬಿ ಆ್ಯಂಡ್ ಎಸ್ (ತಂತಿಯ ಇನ್ನೊಂದು ಅಳತೆಪದ್ಧತಿ) ಎಂದು ಕೇಳಿ ಪಡೆದರೆ ತಾಮ್ರ 13.5 ಚದರ ಮಿ.ಮೀ. ಇರುತ್ತದೆ, ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಫ್ಯೂಸ್ ಎರಡೂ ತುದಿಯಲ್ಲಿರಲಿ. ಎರಡೂ ಕಡೆ ಬ್ಯಾಟರಿ ಇರುವುದರಿಂದ ನಡುವೆ ಕೇಬಲ್ ಸವೆದು ಕಬ್ಬಿಣಕ್ಕೆ ತಗುಲಿದರೆ ಬೆಂಕಿ ಎರಡೂ ಕಡೆಯಿಂದ ಬರುತ್ತದೆ.

100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಸಾಕು. ನನ್ನ 45 ಲೀಟರ್ ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ 35ರಷ್ಟು ತೆಗೆದುಕೊಳ್ಳುತ್ತದೆ. ವಿಕ್ಟೋರಿಯಾದ ಎತ್ತರದ ಬೆಟ್ಟಗಳಿಗೆ ಚಳಿಗಾಲದಲ್ಲಿ ಹೋಗುವವರು ಒಂದು ಮಾತು ನೆನಪಿಡಿ. ಬ್ಯಾಟರಿಯ ಒಳಗಿನ ಉಷ್ಣತೆ ಸೊನ್ನೆಗಿಂತ ಕೆಳಗಿದ್ದಾಗ ಅದಕ್ಕೆ ಚಾರ್ಜ್ ಹಾಕಬಾರದು.

ಪಶ್ಚಿಮವಾಹಿನಿ, ಪರ್ತ್

ಮಲೆನಾಡಿನವಳು ಅಕ್ಕ, ನನ್ನ ಗಾಡಿಯಲ್ಲಿರುವುದು ಆ ತೆಳು ಕೇಬಲೇ. ಎರಡು ವರ್ಷದಿಂದ ಬ್ಯಾಟರಿ ತುಂಬುತ್ತಿಲ್ಲವೆಂದು ಚಾರ್ಜರನ್ನೇ ಬದಲಿಸಿದ್ದೆ. ನಾಳೆಯೇ ಕೇಬಲ್ ಬದಲಿಸುತ್ತೇನೆ.

ಧೂಳಿನ ಬಗ್ಗೆ ನನ್ನ ಪಾಲಿನದು. ಗಿಬ್ ರಿವರ್ ರಸ್ತೆಯ ಧೂಳು ಗೋಧಿ ಹಿಟ್ಟಿಗಿಂತ ನುಣುಪು. ಬಾಗಿಲಿನ ರಬ್ಬರು ನೋಡಲು ಗಟ್ಟಿಯಾಗಿದ್ದರೆ ಸಾಲದು. ಕತ್ತಲಾದ ಮೇಲೆ ಪೆಟ್ಟಿಗೆಯೊಳಗೆ ಪ್ರಖರವಾದ ದೀಪ ಹಚ್ಚಿಟ್ಟು ಬಾಗಿಲು ಮುಚ್ಚಿ ಸುತ್ತ ನಡೆಯಿರಿ. ಬೆಳಕು ಎಲ್ಲಿ ಸೋರುತ್ತದೋ ಧೂಳು ಅಲ್ಲೇ ನುಗ್ಗುತ್ತದೆ. ಆಮೇಲೆ ರಬ್ಬರಿನ ನಡುವೆ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸುಲಭವಾಗಿ ಬಂದರೆ ಆ ಜಾಗದಲ್ಲಿ ಚಿಲಕದ ಬಿಗಿ ಸಾಲದು. ಮೇಲ್ಭಾಗದಲ್ಲಿ ಮುಂದಕ್ಕೆ ಬಾಯಿ ತೆರೆದ, ಜಾಲರಿ ಮತ್ತು ಫಿಲ್ಟರ್ ಇರುವ ಗಾಳಿಕಿಂಡಿ ಇಟ್ಟರೆ ಓಡುವಾಗ ಪೆಟ್ಟಿಗೆಯೊಳಗೆ ಗಾಳಿಯ ಒತ್ತಡ ತುಸು ಹೆಚ್ಚಾಗಿ ಧೂಳು ಹೊರಗೇ ಉಳಿಯುತ್ತದೆ.

ಮೂಕಿಯ ಮುಂದೆ ಗಟ್ಟಿ ತಗಡನ್ನು ನೇರವಾಗಿ ನಿಲ್ಲಿಸಬೇಡಿ. ಕಾರಿನ ಚಕ್ರದಿಂದ ಹಾರಿದ ಕಲ್ಲು ತಗಡಿಗೆ ಬಡಿದು ಪುಟಿದು ಕಾರಿನದೇ ಹಿಂಗಾಜು ಒಡೆಯುತ್ತದೆ. ಮೆತ್ತನೆಯ ಜಾಲರಿ ಬಟ್ಟೆ ಕಟ್ಟಿ, ಕಲ್ಲು ಅದಕ್ಕೆ ತಾಗಿ ಕೆಳಗೆ ಬೀಳುತ್ತದೆ.

ತುಂಗಾತೀರ, ಶಿವಮೊಗ್ಗ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ನನ್ನ ಬಳಿ ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪು ಇದೆ. ಇಲ್ಲೇ ಇಂಥದೊಂದನ್ನು ಕಟ್ಟಿ ಕೊಡಚಾದ್ರಿ ಕಡೆಗೆ, ಮುಂದೆ ಸ್ಪಿತಿಗೂ ಒಯ್ಯಬೇಕೆಂಬ ಆಸೆ. ಗದಗಿನ ಸರ್, ನೀವು ಕಟ್ಟಿಕೊಡುವಿರಾ? ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗೋ, ಎರಡೂ ಚಕ್ರ ಬೇರೆಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಷನ್ನೋ?

ಗದಗಿನ ವೆಲ್ಡರ್, ಗದಗ

ತಮ್ಮಾ, ಕಟ್ಟುವುದು ದೊಡ್ಡ ಮಾತಲ್ಲ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬಾ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ನೋಂದಣಿಯಿಲ್ಲದ ಗಾಡಿ ಎಳೆದು ಅಪಘಾತವಾದರೆ ವಿಮೆಯವರು ಕೈಯೆತ್ತುತ್ತಾರೆ. ಯಾವ ನಮೂನೆಯ ಟ್ರೇಲರಿಗೆ ಅನುಮೋದನೆ ಕೊಡುತ್ತಾರೆ, ನಿನ್ನ ಜೀಪಿಗೆ ಎಷ್ಟು ಎಳೆಯಲು ಅನುಮತಿಯಿದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡು ಬಾ. ಆಮೇಲೆ ಕಬ್ಬಿಣದ ಮಾತು. ಅದಿಲ್ಲದೆ ನಾನು ಕಟ್ಟಿಕೊಡುವುದಿಲ್ಲ, ಬೇಸರಪಡಬೇಡ.

ಸ್ಪ್ರಿಂಗ್ ಮಟ್ಟಿಗೆ ನನ್ನ ಆಯ್ಕೆ ಲೀಫ್. ಪಟ್ಟಿ ಮುರಿದರೆ ಯಾವ ತಾಲ್ಲೂಕಿನಲ್ಲಾದರೂ ಇನ್ನೊಂದು ಸಿಗುತ್ತದೆ.

ಅಚ್ಚುಗಾಲಿ, ಅಡಿಲೇಡ್

ತುಂಗಾತೀರ ಅವರೇ, ಸ್ಪ್ರಿಂಗಿನ ವಿಷಯದಲ್ಲಿ ನಾನೂ ಗದಗಿನ ಅಣ್ಣನ ಕಡೆಯೇ. ಸ್ವತಂತ್ರ ಸಸ್ಪೆನ್ಷನ್ ಮೆತ್ತಗಿರುತ್ತದೆ, ನೆಲದಿಂದ ಎತ್ತರವೂ ಸಿಗುತ್ತದೆ, ಸುಳ್ಳಲ್ಲ. ಆದರೆ ಒಂದು ಟನ್ನಿನೊಳಗಿನ ಗಾಡಿಗೆ ಉದ್ದನೆಯ ಲೀಫ್ ಸ್ಪ್ರಿಂಗ್ ಮತ್ತು ಒಳ್ಳೆಯ ಶಾಕ್ ಅಬ್ಸಾರ್ಬರ್ ಸಾಕು. ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಟೈರಿನ ಗಾಳಿ. ಅಲೆಅಲೆಯಾದ ರಸ್ತೆಗೆ ಇಳಿಯುವ ಮುನ್ನ ನಾನು ಟ್ರೇಲರಿನ ಟೈರನ್ನು 22 ಪಿಎಸ್‌ಐಗೆ ಇಳಿಸಿ, ವೇಗವನ್ನೂ ತಗ್ಗಿಸುತ್ತೇನೆ. ಒಳಗಿನ ಮೊಟ್ಟೆ ಒಡೆಯುವುದು ನಿಂತದ್ದು ಆಮೇಲೆಯೇ.

ಚಕ್ರಗಳು ಕಾರಿನವೇ ಆಗಿರಲಿ. ನನ್ನ ಕಾರು ಟೊಯೋಟಾ ಪ್ರಾಡೊ, ಚಕ್ರಕ್ಕೆ ಆರು ಬೋಲ್ಟ್, ಆ ಬೋಲ್ಟುಗಳ ವೃತ್ತದ ವ್ಯಾಸ 139.7 ಮಿ.ಮೀ. ಟ್ರೇಲರಿನ ಚಕ್ರ ಕೂರುವ ಹಬ್ ಕೂಡ ಅದೇ ಅಳತೆಗೆ ಕೊಂಡೆ. ಈಗ ಎರಡೂ ಗಾಡಿಗಳಿಗೆ ಎರಡು ಸ್ಟೆಪ್ನಿ. ಚಕ್ರಗಳ ನಡುವಿನ ಅಗಲವೂ ಕಾರಿನಷ್ಟೇ ಇರುವುದರಿಂದ ಮರಳಿನಲ್ಲಿ ಕಾರು ತುಳಿದ ಜಾಡಿನಲ್ಲೇ ಅದು ಬರುತ್ತದೆ, ಹೊಸ ಜಾಡು ತೋಡಬೇಕಾಗಿಲ್ಲ.

ಅಡುಗೆಮನೆಯ ಬಗ್ಗೆ ನನ್ನ ಹೆಂಡತಿ ಹೇಳಿದ್ದನ್ನು ಬರೆಯುತ್ತೇನೆ, ಅದನ್ನು ಯೋಜಿಸಿದ್ದು ಅವಳೇ. ಮುದ್ದೆ ತಿರುವುವಾಗ ಒಲೆ ಒಂದು ಕಡೆಗೆ ವಾಲಬಾರದು. ಆದ್ದರಿಂದ ಎಳೆದು ತೆರೆದ ಒಲೆಯ ಕಟ್ಟೆಗೆ ನೆಲಕ್ಕೆ ಊರುವ ಒಂದು ಕಾಲು ಇರಲೇಬೇಕು. ಮೂರು ಕಡೆ ಗಾಳಿತಡೆ ಬೇಕು, ಇಲ್ಲದಿದ್ದರೆ ಹಂಚು ಕಾಯುವುದೇ ಇಲ್ಲ. ಗ್ಯಾಸ್ ಸಿಲಿಂಡರ್ ಹೊರಗಿನ ಪ್ರತ್ಯೇಕ ಗೂಡಿನಲ್ಲಿ, ನೆಟ್ಟಗೆ ನಿಂತಿರಬೇಕು. ಗೂಡಿನ ತಳದಲ್ಲಿ ಕಿಂಡಿ ಇರಬೇಕು, ಏಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಕೊಳವೆ ಜೋಡಣೆಯನ್ನು ಪರವಾನಗಿ ಇದ್ದವರಿಂದಲೇ ಮಾಡಿಸಿದ್ದೇವೆ.

ಬೆಳಗು, ಬ್ರಿಸ್ಬೇನ್

ನಾನು ಹೊಸಬ. ಕಳೆದ ತಿಂಗಳು ಅರ್ಧ ಕಟ್ಟಿದ ಟ್ರೇಲರ್ ಕೊಂಡಿದ್ದೇನೆ, ಬ್ರೇಕ್ ಇದೆ. ವೇಬ್ರಿಡ್ಜ್ ದೂರವಿದೆ. ಕೊಂಡಿಯ ಭಾರವನ್ನು ಮನೆಯಲ್ಲೇ ಅಳೆಯಬಹುದೇ?

ಅಚ್ಚುಗಾಲಿ, ಅಡಿಲೇಡ್

ಅಳೆಯಬಹುದು. ಸ್ನಾನದ ಮನೆಯಲ್ಲಿ ಮೈತೂಕ ನೋಡುವ ಯಂತ್ರ ತನ್ನಿ. ಸಾಮಾನ್ಯವಾಗಿ 150 ಕೆ.ಜಿ.ವರೆಗೆ ತೋರಿಸುತ್ತದೆ. ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳ ಎರಡೂ ಬದಿಗೆ ಕಲ್ಲು ಕೊಡಿ. ಕಾರಿಗೆ ಕಟ್ಟಿದಾಗ ಕೊಂಡಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡು ಕತ್ತರಿಸಿ ಯಂತ್ರದ ಮೇಲೆ ನಿಲ್ಲಿಸಿ. ಮೂಕಿಯ ಕೆಳಗಿನ ಪುಟ್ಟ ಮುಂಗಾಲಿಯನ್ನು ನಿಧಾನವಾಗಿ ಮೇಲಕ್ಕೆತ್ತಿ ಕೊಂಡಿಯನ್ನು ಅದರ ಮೇಲೆ ಕೂರಿಸಿ. ನೀರಿನ ಟ್ಯಾಂಕು ತುಂಬಿದ್ದಾಗ ಒಮ್ಮೆ, ಖಾಲಿಯಿದ್ದಾಗ ಒಮ್ಮೆ ಅಳೆಯಿರಿ. ಒಟ್ಟು ತೂಕಕ್ಕೆ ಮಾತ್ರ ವೇಬ್ರಿಡ್ಜ್‌ಗೆ ಹೋಗಲೇಬೇಕು.

ಬೆಳಗು, ಬ್ರಿಸ್ಬೇನ್

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಒಟ್ಟು 820 ಕೆ.ಜಿ. ಕೊಂಡಿಯ ಮೇಲೆ ನೀರು ತುಂಬಿದಾಗ 51, ಖಾಲಿಯಿದ್ದಾಗ 64. ಅಂದರೆ ನನ್ನ ಟ್ಯಾಂಕೂ ಅಚ್ಚಿನ ಹಿಂದೆಯೇ ಇದೆ. ಹಿಂಬಾಗಿಲಿನಲ್ಲಿ ಎರಡು ಜೆರಿಕ್ಯಾನ್ ಕೂಡ ಇವೆ. ಟ್ಯಾಂಕನ್ನು ಈ ಭಾನುವಾರ ಕಳಚುತ್ತೇನೆ.

ಅಚ್ಚುಗಾಲಿ, ಅಡಿಲೇಡ್

ಜೆರಿಕ್ಯಾನ್ ಮೊದಲು ಇಳಿಸಿ, ಅದಕ್ಕೆ ಸ್ಪ್ಯಾನರೂ ಬೇಕಾಗಿಲ್ಲ. ಇಳಿಸಿ ಮತ್ತೊಮ್ಮೆ ಅಳೆಯಿರಿ. ಟ್ಯಾಂಕಿಗೆ ಹೊಸ ತೂತು ಕೊರೆಯುವ ಮೊದಲು ಕೊಂಡಿಯಿಂದ ಅಚ್ಚಿಗೆ ಎಷ್ಟು, ಅಚ್ಚಿನಿಂದ ಟ್ಯಾಂಕಿನ ನಡುಭಾಗಕ್ಕೆ ಎಷ್ಟು ಎಂದು ಟೇಪು ಹಿಡಿದು ಇಲ್ಲಿ ಬರೆಯಿರಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ.